ವೃಂದದ ಆರು ಗುಣಗಳು: ರಾಮಲ್ಲಾ ನಗರದ ಒಂದು ವಾದ್ಯಗೋಷ್ಠಿಯ ಪಾಠ

ಒಬ್ಬನೇ ಕುಳಿತು ಹಾಡುವುದು ಬೇರೆ. ಹತ್ತು ಮಂದಿ ಕೂಡಿ ಹಾಡುವುದು ಬೇರೆ. ಮೊದಲನೆಯದಕ್ಕೆ ಒಳ್ಳೆಯ ಶಾರೀರ, ನಿರಂತರವಾದ ಅಭ್ಯಾಸ ಮತ್ತು ಗುರುವಿನ ಅನುಗ್ರಹ ಇದ್ದರೆ ಸಾಕಾಗಬಹುದು. ಎರಡನೆಯದಕ್ಕೆ ಇವೆಲ್ಲದರ ಜೊತೆಗೆ ಪಕ್ಕದಲ್ಲಿರುವವನ ದನಿಗೆ ಕಿವಿಗೊಡುವ ಗುಣವೂ ಬೇಕು. ಈ ಭೇದವನ್ನು ನಮ್ಮ ಶಾಸ್ತ್ರಕಾರರು ಬಹು ಹಿಂದೆಯೇ ಗುರುತಿಸಿದ್ದರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಗಾಯಕವಾದಕರ ಸಮೂಹವನ್ನು 'ಕುತಪ'ವೆಂದು ಕರೆದನು. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದಲ್ಲಿ ಅದನ್ನು 'ವೃಂದ'ವೆಂದು ಹೆಸರಿಸಿ, ಉತ್ತಮ, ಮಧ್ಯಮ, ಕನಿಷ್ಠ ಎಂದು ವಿಂಗಡಿಸಿ, ಅದಕ್ಕೆ ಆರು ಗುಣಗಳನ್ನು ಹೇಳಿದನು. 15ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ಈ ಗ್ರಂಥಕ್ಕೆ 'ಕಲಾನಿಧಿ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಆದುದರಿಂದ ಕನ್ನಡ ನಾಡಿನ ವಿದ್ವತ್ಪರಂಪರೆಗೆ ಈ ವಿಚಾರವು ಹೊರಗಿನದೇನೂ ಆಗಿಲ್ಲ.

ಆ ಆರು ಗುಣಗಳು ಇವು. ಮುಖ್ಯನಾದವನನ್ನು ಅನುಸರಿಸುವುದು ಮುಖ್ಯಾನುವೃತ್ತಿ. ದನಿಗಳು ಒಂದರೊಳಗೊಂದು ಬೆರೆಯುವುದು ಮಿಲನ. ತಾಳದಲ್ಲಿ ಲೀನವಾಗಿ ನಡೆಯುವುದು ತಾಳಲೀನಾನುವರ್ತನ. ಒಬ್ಬನಲ್ಲಿ ತುಂಡಾದುದನ್ನು ಇನ್ನೊಬ್ಬನು ಹಿಡಿದು ನಡೆಸುವುದು ಮಿಥಸ್ತ್ರುಟಿತನಿರ್ವಾಹ. ಮಂದ್ರ, ಮಧ್ಯ, ತಾರವೆಂಬ ಮೂರು ಸ್ಥಾನಗಳನ್ನೂ ವ್ಯಾಪಿಸಬಲ್ಲ ಸಾಮರ್ಥ್ಯವೇ ತ್ರಿಸ್ಥಾನವ್ಯಾಪ್ತಿಶಕ್ತಿ. ಧ್ವನಿಗಳು ಪರಸ್ಪರ ಹೋಲುವುದು ಶಬ್ದಸಾದೃಶ್ಯ.

ಇವು ಸಂಗೀತಕ್ಕಷ್ಟೇ ಸೀಮಿತವಾದ ಗುಣಗಳೇ, ಅಥವಾ ಮನುಷ್ಯನು ಮನುಷ್ಯನೊಡನೆ ಬಾಳುವುದಕ್ಕೂ ಬೇಕಾದ ಗುಣಗಳೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಈ ಪ್ರಶ್ನೆಯನ್ನು ಒರೆಗೆ ಹಚ್ಚಿದ ಘಟನೆಯೊಂದು ದೂರದ ಪ್ಯಾಲೆಸ್ತೀನಿನ ರಾಮಲ್ಲಾ ನಗರದಲ್ಲಿ 2005ನೆಯ ಇಸವಿ ಆಗಸ್ಟ್ 21ರಂದು ನಡೆಯಿತು. ಅಂದು ಅಲ್ಲಿ ಒಂದು ತರುಣರ ವಾದ್ಯವೃಂದವು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ನುಡಿಸಿತು. ನುಡಿಸಿದವರಲ್ಲಿ ಅರಬ್ಬರೂ ಇದ್ದರು, ಇಸ್ರೇಲಿಗಳೂ ಇದ್ದರು. ಪರಸ್ಪರ ಹಗೆಯ ನಡುವೆ ಬೆಳೆದ ಮಕ್ಕಳು ಒಂದೇ ಶ್ರುತಿಗೆ ತಮ್ಮ ತಂತಿಗಳನ್ನು ಬಿಗಿದ ಆ ಸಂಜೆಯು ವಿದ್ಯೆಯನ್ನು ಕಲಿಸುವವರೂ ಕಲಿಸಲು ನೆರವಾಗುವವರೂ ಪರಿಭಾವಿಸಬೇಕಾದ ಸಂಗತಿಯಾಗಿದೆ.

ವೃಂದದ ಉತ್ಪತ್ತಿ

ಈ ವೃಂದದ ಹಿಂದೆ ಇಬ್ಬರು ಮಿತ್ರರಿದ್ದರು. ಮೊದಲನೆಯವರು ಎಡ್ವರ್ಡ್ ಸಯೀದ್. 1935ರಲ್ಲಿ ಜೆರೂಸಲೇಮಿನ ಪ್ಯಾಲೆಸ್ತೀನಿ ಮನೆತನದಲ್ಲಿ ಜನಿಸಿ, ಕೈರೋ ನಗರದಲ್ಲಿ ಬೆಳೆದು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಪ್ರಾಧ್ಯಾಪಕರಾದವರು. ಪೌರಸ್ತ್ಯ ದೇಶಗಳನ್ನು ಪಾಶ್ಚಾತ್ಯರು ನೋಡಿದ ಬಗೆಯನ್ನು ವಿಮರ್ಶಿಸುವ ಇವರ 'ಓರಿಯೆಂಟಲಿಸಂ' ಎಂಬ ಗ್ರಂಥವು 1978ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಚರ್ಚೆಗೆ ಒಳಗಾಯಿತು. ಇವರು ಪಿಯಾನೋ ವಾದನದಲ್ಲಿಯೂ ಪರಿಣತರಾಗಿದ್ದರು. ಎರಡನೆಯವರು ಡೇನಿಯಲ್ ಬಾರೆನ್‌ಬಾಯ್ಮ್. 1942ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಯಹೂದಿ ಕುಟುಂಬದಲ್ಲಿ ಜನಿಸಿ, ಏಳನೆಯ ವಯಸ್ಸಿನಲ್ಲಿಯೇ ಸಭೆಯಲ್ಲಿ ಪಿಯಾನೋ ನುಡಿಸಿದವರು. 1952ರಲ್ಲಿ ತಂದೆತಾಯಿಗಳೊಡನೆ ಇಸ್ರೇಲಿಗೆ ಬಂದವರು. ತರುವಾಯ ವಾದ್ಯವೃಂದಗಳ ನಿರ್ದೇಶಕರಾಗಿ ವಿಶ್ವಖ್ಯಾತಿಯನ್ನು ಪಡೆದವರು. 1990ರ ದಶಕದ ಆರಂಭದಲ್ಲಿ ಲಂಡನ್ನಿನ ಒಂದು ಹೋಟೆಲಿನಲ್ಲಿ ಇವರಿಬ್ಬರೂ ಆಕಸ್ಮಿಕವಾಗಿ ಭೇಟಿಯಾದರು. ಆ ಭೇಟಿಯು ಜೀವಾವಧಿಯ ಸ್ನೇಹವಾಗಿ ಬೆಳೆಯಿತು.

1999ರಲ್ಲಿ ಜರ್ಮನಿಯ ವೈಮರ್ ನಗರವು ಯೂರೋಪಿನ ಸಾಂಸ್ಕೃತಿಕ ರಾಜಧಾನಿಯೆಂಬ ಗೌರವಕ್ಕೆ ಪಾತ್ರವಾಗಿತ್ತು. ಮಹಾಕವಿ ಗಯಟೆಯ ಜನನದ 250ನೆಯ ವರ್ಷವೂ ಅದೇ ಆಗಿತ್ತು. ಆ ಸಂದರ್ಭದಲ್ಲಿ ಮಿತ್ರರಿಬ್ಬರೂ ಇಸ್ರೇಲ್, ಪ್ಯಾಲೆಸ್ತೀನ್, ಸಿರಿಯಾ, ಲೆಬನಾನ್, ಜೋರ್ಡಾನ್, ಈಜಿಪ್ಟ್ ಮೊದಲಾದೆಡೆಗಳ ತರುಣ ವಾದಕರನ್ನು ಬೇಸಿಗೆಯ ಶಿಬಿರವೊಂದಕ್ಕೆ ಕರೆಸಿದರು. ಕೆಲವರು ಜರ್ಮನ್ ತರುಣರೂ ಇವರೊಡನೆ ಸೇರಿದರು. ಪ್ರಸಿದ್ಧ ಚೆಲ್ಲೋ ವಾದಕರಾದ ಯೋ ಯೋ ಮಾ ಅವರು ಬಂದು ಪಾಠ ಹೇಳಿದರು. ಹಗಲು ಸಂಗೀತದ ಅಭ್ಯಾಸ. ಸಂಜೆ ಸಯೀದರ ನೇತೃತ್ವದಲ್ಲಿ ಮುಕ್ತವಾದ ಸಂವಾದ. ವೈಮರಿನ ಸಮೀಪದಲ್ಲಿಯೇ ಬುಕನ್‌ವಾಲ್ಡ್ ಎಂಬ ನಾಜಿಗಳ ಯಾತನಾಶಿಬಿರದ ನೆಲೆಯಿದೆ. ಮನುಷ್ಯಸಂಸ್ಕೃತಿಯ ಶಿಖರವೂ ಅದರ ಪಾತಾಳವೂ ಎಷ್ಟು ಹತ್ತಿರದಲ್ಲಿರಬಲ್ಲವೆಂಬುದನ್ನು ತರುಣರು ಅಲ್ಲಿಗೆ ಹೋಗಿ ಕಣ್ಣಾರೆ ಕಂಡರು.

ವೃಂದಕ್ಕೆ ಇಟ್ಟ ಹೆಸರು 'ವೆಸ್ಟ್-ಈಸ್ಟರ್ನ್ ದಿವಾನ್'. ಪಾರಸಿಯ ಕವಿ ಹಾಫಿಜನ ಕವಿತೆಗಳನ್ನು ಭಾಷಾಂತರದಲ್ಲಿ ಓದಿ ಮುಗ್ಧನಾದ ಗಯಟೆಯು, ವಯಸ್ಸು ಅರವತ್ತನ್ನು ದಾಟಿದ ಮೇಲೆ ಬರೆದು 1819ರಲ್ಲಿ ಪ್ರಕಟಿಸಿದ ಕವನಸಂಕಲನದ ಹೆಸರನ್ನೇ ಇಲ್ಲಿ ಬಳಸಿಕೊಳ್ಳಲಾಗಿದೆ. ಪರದೇಶದ ಕವಿಗೆ ಮನಸ್ಸನ್ನು ತೆರೆದ ಇದೇ ಗಯಟೆಯು, ಕಾಳಿದಾಸನ ಶಾಕುಂತಲವನ್ನು 1791ರಲ್ಲಿ ಜರ್ಮನ್ ಭಾಷೆಯಲ್ಲಿ ಓದಿ ಮೆಚ್ಚಿ ಪದ್ಯವನ್ನು ಬರೆದನೆಂಬುದು ಸಂಸ್ಕೃತಜ್ಞರಿಗೆಲ್ಲ ತಿಳಿದ ವಿಷಯ. ಆ ನಾಟಕವನ್ನೇ ಮುಂದೆ ಬಸವಪ್ಪಶಾಸ್ತ್ರಿಗಳು ಕನ್ನಡಕ್ಕೆ ತಂದು 'ಅಭಿನವ ಕಾಳಿದಾಸ'ರೆನಿಸಿದರು. ಪರಕೀಯವಾದುದನ್ನು ಮೊದಲು ಕೇಳಬೇಕು, ಅನಂತರ ತೂಗಬೇಕು ಎಂಬ ಮನೋಧರ್ಮವೇ ಈ ಹೆಸರಿನ ಅಂತರಾರ್ಥವೆನ್ನಬಹುದು.

ವಾದ್ಯಗಳ ವ್ಯವಸ್ಥೆ

ಪಾಶ್ಚಾತ್ಯ ವಾದ್ಯವೃಂದದ ರಚನೆಯನ್ನು ಸಂಕ್ಷೇಪವಾಗಿ ಅರಿಯದೆ ಮುಂದಿನ ಮಾತು ಸ್ಪಷ್ಟವಾಗದು. ಅದರಲ್ಲಿ ನಾಲ್ಕು ವಾದ್ಯಕುಲಗಳುಂಟು. ಮುಂಭಾಗದಲ್ಲಿ ಕಮಾನಿನಿಂದ ನುಡಿಸುವ ತಂತಿವಾದ್ಯಗಳು: ಮೊದಲನೆಯ ಪಿಟೀಲುಗಳು, ಎರಡನೆಯ ಪಿಟೀಲುಗಳು, ಅವಕ್ಕಿಂತ ತುಸು ದೊಡ್ಡದಾದ ವಯೋಲಾ, ಮೊಳಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ಚೆಲ್ಲೋ, ಎಲ್ಲಕ್ಕಿಂತ ಮಂದ್ರವಾದ ಡಬಲ್ ಬಾಸ್. ಅವುಗಳ ಹಿಂದೆ ಕೊಳಲು, ಓಬೋ, ಕ್ಲಾರಿಯೊನೆಟ್, ಬಸೂನ್ ಎಂಬ ಸುಷಿರವಾದ್ಯಗಳು. ಓಬೋ ನಮ್ಮ ನಾಗಸ್ವರ, ಶಹನಾಯಿಗಳಂತೆ ಜೋಡಿ ರೀಡಿನಿಂದ ನುಡಿಯುವ ವಾದ್ಯ. ಇನ್ನೂ ಹಿಂದೆ ಹಾರ್ನ್, ಟ್ರಂಪೆಟ್, ಟ್ರೊಂಬೋನ್ ಎಂಬ ಲೋಹದ ಕಹಳೆಗಳು. ಕಟ್ಟಕಡೆಗೆ ನಗಾರಿಯನ್ನು ಹೋಲುವ ಟಿಂಪನಿ ಮೊದಲಾದ ಚರ್ಮವಾದ್ಯಗಳು. ಡಬಲ್ ಬಾಸಿನಿಂದ ಹಿಡಿದು ಸಣ್ಣ ಕೊಳಲಿನವರೆಗೆ ಹಬ್ಬಿದ ಈ ವಿಸ್ತಾರವನ್ನು ನೋಡಿದರೆ ತ್ರಿಸ್ಥಾನವ್ಯಾಪ್ತಿಶಕ್ತಿಯ ಅರ್ಥವು ತಾನಾಗಿಯೇ ವಿಶದವಾಗುತ್ತದೆ.

ನಮ್ಮ ಸಂಗೀತದಲ್ಲಿ ರಾಗವೇ ಪ್ರಧಾನ. ಮನೋಧರ್ಮಕ್ಕೆ ಅಲ್ಲಿ ವಿಶೇಷವಾದ ಎಡೆಯುಂಟು. ಪಾಶ್ಚಾತ್ಯ ವೃಂದಸಂಗೀತದಲ್ಲಿ ಬೇರೆ ಬೇರೆ ಸ್ವರಗಳು ಏಕಕಾಲದಲ್ಲಿ ನುಡಿದು ಕೂಡುವ ಸ್ವರಮೇಳವೇ ಪ್ರಧಾನ. ಆದುದರಿಂದ ಪ್ರತಿಯೊಂದು ಸ್ವರವನ್ನೂ ರಚನಕಾರನು ಮೊದಲೇ ಬರೆದಿಟ್ಟಿರುತ್ತಾನೆ. ವಾದಕನ ಮುಂದಿನ ಹಾಳೆಯಲ್ಲಿ ಅವನ ಭಾಗ ಮಾತ್ರ ಇರುತ್ತದೆ. ಇತರರ ಭಾಗವನ್ನು ಅವನು ಕಿವಿಯಿಂದಲೇ ಅರಿಯಬೇಕು. ಎಲ್ಲರ ಭಾಗಗಳೂ ಒಟ್ಟಿಗೆ ಇರುವ ಪುಸ್ತಕವು ನಿರ್ದೇಶಕನೆದುರು ಇರುತ್ತದೆ. ಶಾರ್ಙ್ಗದೇವನು ಹೇಳಿದ ಮುಖ್ಯನು ತಾನೂ ಹಾಡಿ ಇತರರನ್ನು ನಡೆಸುವವನು. ಪಾಶ್ಚಾತ್ಯ ನಿರ್ದೇಶಕನಾದರೋ ಇಡೀ ಸಭೆಯ ಮುಂದೆ ನಿಂತು ಒಂದು ಸ್ವರವನ್ನೂ ನುಡಿಸದವನು. ಅವನ ಕೋಲು ಗಾಳಿಯಲ್ಲಿ ಆಡುತ್ತದೆ, ನಾದವು ಇತರರಿಂದ ಹೊರಡುತ್ತದೆ. ಮೌನಿಯಾದ ಮುಖ್ಯನನ್ನು ಅನುಸರಿಸುವುದು ಇನ್ನೂ ಸೂಕ್ಷ್ಮವಾದ ಮುಖ್ಯಾನುವೃತ್ತಿಯೇ ಸರಿ.

ಇಲ್ಲಿ ಒಂದು ವಿನೋದವುಂಟು. ಶಾರ್ಙ್ಗದೇವನ ಮತದಂತೆ ಉತ್ತಮ ಗಾಯಕವೃಂದದಲ್ಲಿ ನಾಲ್ವರು ಮುಖ್ಯಗಾಯಕರು, ಎಂಟು ಮಂದಿ ಸಹಗಾಯಕರು, ಹನ್ನೆರಡು ಮಂದಿ ಗಾಯಕಿಯರು, ನಾಲ್ವರು ಕೊಳಲಿನವರು, ನಾಲ್ವರು ಮೃದಂಗದವರು ಇರಬೇಕು. ಅದಕ್ಕಿಂತ ದೊಡ್ಡದಾದರೆ ಅದು 'ಕೋಲಾಹಲ'! ಪಾಶ್ಚಾತ್ಯ ವೃಂದದಲ್ಲಿ ಎಂಬತ್ತು, ಕೆಲವೊಮ್ಮೆ ನೂರು ಮಂದಿ ಕೂಡುವುದುಂಟು. ಅದು ಕೋಲಾಹಲವಾಗದಿರಲು ಕಾರಣವೇನು? ಬರೆದಿಟ್ಟ ಸ್ವರಲಿಪಿ, ನಿರ್ದೇಶಕನ ಕೈ, ಇವೆರಡೂ ಕಾರಣಗಳು ನಿಜ. ಇವಕ್ಕೂ ಮೊದಲು ಒಂದು ಕ್ರಿಯೆಯುಂಟು. ಗೋಷ್ಠಿಯ ಆರಂಭದಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಓಬೋ ವಾದಕನೊಬ್ಬನು ಸೆಕೆಂಡಿಗೆ ಸುಮಾರು 440 ಕಂಪನಗಳುಳ್ಳ ಒಂದು ಸ್ವರವನ್ನು ಹಿಡಿಯುತ್ತಾನೆ. ಉಳಿದವರೆಲ್ಲರೂ ಅದಕ್ಕೆ ತಮ್ಮ ವಾದ್ಯಗಳನ್ನು ಸರಿಗೂಡಿಸುತ್ತಾರೆ. ನಮ್ಮ ಹಿರಿಯರು ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಹೇಳಿದುದು ಇಲ್ಲಿಯೂ ಸಲ್ಲುತ್ತದೆ.

ಒಂದೇ ಪೀಠದ ಇಬ್ಬರು

ಈ ವೃಂದಗಳಲ್ಲಿ ತಂತಿವಾದ್ಯದವರು ಇಬ್ಬಿಬ್ಬರಾಗಿ ಕೂಡುವರು. ಇಬ್ಬರಿಗೂ ಒಂದೇ ಸ್ವರಪೀಠ, ಒಂದೇ ಪುಸ್ತಕ. ಪುಟ ಮುಗಿದಾಗ ಒಬ್ಬನು ವಾದನವನ್ನು ಕ್ಷಣಕಾಲ ನಿಲ್ಲಿಸಿ ಹಾಳೆಯನ್ನು ತಿರುವಬೇಕು. ಆ ಕ್ಷಣದಲ್ಲಿ ಮತ್ತೊಬ್ಬನು ಎಡೆಬಿಡದೆ ನುಡಿಸಬೇಕು. ವೈಮರಿನಲ್ಲಿ ಚೆಲ್ಲೋ ನುಡಿಸುವ ಸಿರಿಯಾದ ಒಬ್ಬ ತರುಣನಿಗೂ ಇಸ್ರೇಲಿನ ಒಬ್ಬ ತರುಣನಿಗೂ ಹೀಗೆ ಒಂದೇ ಪೀಠ ದೊರೆತ ಪ್ರಸಂಗವನ್ನು ಬಾರೆನ್‌ಬಾಯ್ಮ್ ಅವರು ವಿವರಿಸಿದ್ದಾರೆ. ಸಿರಿಯಾದವನು ಅದುವರೆಗೆ ಒಬ್ಬ ಇಸ್ರೇಲಿಯನ್ನೂ ಕಂಡವನಲ್ಲ. ಶತ್ರುವೆಂಬ ಶಬ್ದವನ್ನು ಬಲ್ಲನೇ ಹೊರತು ಶತ್ರುವಿನ ಮುಖವನ್ನು ಅರಿಯನು. ಈಗ ಅವರಿಬ್ಬರೂ ಒಂದೇ ಸ್ವರವನ್ನು, ಅಷ್ಟೇ ಮೆಲ್ಲಗೆ ಅಥವಾ ಅಷ್ಟೇ ಗಟ್ಟಿಯಾಗಿ, ಕಮಾನನ್ನು ಒಂದೇ ದಿಕ್ಕಿಗೆ ಎಳೆದು, ಒಂದೇ ಭಾವದಿಂದ ನುಡಿಸಬೇಕಾಗಿತ್ತು.

ಶಬ್ದಸಾದೃಶ್ಯವೆಂದು ಶಾಸ್ತ್ರವು ಹೇಳಿದುದು ಇದನ್ನೇ. ಎರಡು ಚೆಲ್ಲೋಗಳು ಎರಡಾಗಿ ಕೇಳಿಸಬಾರದು. ಹಾಗೆ ಕೇಳಿಸದಿರಬೇಕಾದರೆ ಪ್ರತಿಯೊಬ್ಬನೂ ತನ್ನ ದನಿಗಿಂತ ಹೆಚ್ಚಾಗಿ ಮತ್ತೊಬ್ಬನ ದನಿಯನ್ನು ಕೇಳಬೇಕು. ವಾದವಿವಾದದಲ್ಲಿ ಎದುರಾಳಿಯ ಮಾತನ್ನು ಕೇಳದೆಯೇ ಉತ್ತರವನ್ನು ಸಿದ್ಧಪಡಿಸಿಕೊಳ್ಳಬಹುದು. ವೃಂದದಲ್ಲಿ ಅದು ಸಾಧ್ಯವಿಲ್ಲ. ಕೇಳದೆ ನುಡಿಸಿದವನ ಅಪಸ್ವರವು ಆ ಕ್ಷಣದಲ್ಲಿಯೇ ಎಲ್ಲರ ಕಿವಿಗೆ ಬೀಳುತ್ತದೆ.

2002ರಿಂದ ಈ ಶಿಬಿರಗಳಿಗೆ ಸ್ಪೇನ್ ದೇಶದ ಆಂಡಲೂಸಿಯಾ ಪ್ರಾಂತದ ಸೆವಿಲ್ ನಗರವು ನೆಲೆಯಾಯಿತು. ಪ್ರಾಂತದ ಸರಕಾರವು ಸ್ಥಳವನ್ನೂ ಧನಸಹಾಯವನ್ನೂ ಒದಗಿಸಿತು. ಮುಸಲ್ಮಾನರೂ ಯಹೂದಿಗಳೂ ಕ್ರೈಸ್ತರೂ ಶತಮಾನಗಳ ಕಾಲ ಅಕ್ಕಪಕ್ಕದಲ್ಲಿ ಬಾಳಿದ ಆ ನಾಡು ಇಂಥ ಕಾರ್ಯಕ್ಕೆ ಉಚಿತವಾದ ನೆಲೆಯೇ ಆಗಿತ್ತು. ಪ್ರತಿ ಬೇಸಿಗೆಯಲ್ಲಿ ಕೆಲವು ವಾರಗಳ ಅಭ್ಯಾಸ, ಅದರ ಕೊನೆಗೆ ಊರೂರಿನಲ್ಲಿ ಗೋಷ್ಠಿಗಳು. ಇದು ರೂಢಿಯ ಕ್ರಮವಾಯಿತು.

ರಾಮಲ್ಲಾ ನಗರದ ಸಂಜೆ

ಈ ವೃಂದವು ತನ್ನ ಸದಸ್ಯರ ನೆಲದಲ್ಲಿಯೇ ನುಡಿಸಬೇಕೆಂಬುದು ಸ್ಥಾಪಕರಿಬ್ಬರ ಹಂಬಲವಾಗಿತ್ತು. ಸಯೀದರು 2003ನೆಯ ಸೆಪ್ಟೆಂಬರ್ 25ರಂದು ರಕ್ತದ ಕ್ಯಾನ್ಸರಿನಿಂದ ನಿಧನರಾದರು. ಹಂಬಲವನ್ನು ಪೂರೈಸುವ ಹೊಣೆಯು ಬಾರೆನ್‌ಬಾಯ್ಮ್ ಅವರ ಮೇಲೆಯೇ ಬಿದ್ದಿತು.

ಅಡ್ಡಿಗಳು ಅಲ್ಪವಾಗಿರಲಿಲ್ಲ. ಇಸ್ರೇಲಿನ ಪ್ರಜೆಗಳು ರಾಮಲ್ಲಾದಂತಹ ಪ್ಯಾಲೆಸ್ತೀನಿ ಆಡಳಿತದ ಊರುಗಳಿಗೆ ಹೋಗುವುದನ್ನು ಅವರ ಸರಕಾರವೇ ನಿಷೇಧಿಸಿತ್ತು. ಸಿರಿಯಾ, ಲೆಬನಾನ್ ದೇಶಗಳವರಿಗೆ ಇಸ್ರೇಲಿನ ಹತೋಟಿಯಲ್ಲಿದ್ದ ಗಡಿಯನ್ನು ದಾಟುವುದು ಸ್ವದೇಶದಲ್ಲಿ ಅಪರಾಧವೆನಿಸುತ್ತಿತ್ತು. ಹೀಗಿರಲು ಸ್ಪೇನ್ ಸರಕಾರವು ಮುಂದೆ ಬಂದು ವಾದಕರಿಗೆ ರಾಜತಾಂತ್ರಿಕ ಪಾಸ್‌ಪೋರ್ಟುಗಳನ್ನು ನೀಡಿತು. ಅರಬ್ ದೇಶದವರು ಒಂದು ದಾರಿಯಿಂದಲೂ ಇಸ್ರೇಲಿಗಳು ಮತ್ತೊಂದು ದಾರಿಯಿಂದಲೂ ಊರನ್ನು ಸೇರಿದರು. ವಾರಗಟ್ಟಲೆ ಒಂದೇ ಪೀಠದಲ್ಲಿ ಕುಳಿತು ಅಭ್ಯಾಸ ಮಾಡಿದ್ದವರು ಆ ನೆಲದ ಮೇಲೆ ಒಟ್ಟಿಗೆ ಪ್ರಯಾಣ ಮಾಡಲಾರದೆ ಹೋದರು. ಆ ತಿಂಗಳಿನಲ್ಲಿಯೇ ಗಾಜಾ ಪ್ರದೇಶದಿಂದ ಇಸ್ರೇಲಿ ವಸತಿಗಳನ್ನು ತೆರವು ಮಾಡಿಸುವ ಕಾರ್ಯವೂ ನಡೆದಿತ್ತು. ಆದಕಾರಣ ವಾತಾವರಣವು ಉದ್ವಿಗ್ನವಾಗಿತ್ತು. ಬರುವುದೋ ಬೇಡವೋ ಎಂಬ ಸಂಶಯವು ಅನೇಕ ವಾದಕರನ್ನೂ ಅವರ ಮನೆಯವರನ್ನೂ ಕಾಡಿದುದರಲ್ಲಿ ಆಶ್ಚರ್ಯವಿಲ್ಲ.

ನಮ್ಮಲ್ಲಿ ಶ್ರಾವಣದ ಮಳೆ ಬೀಳುವ ಆಗಸ್ಟ್ ಅಲ್ಲಿ ಕಡುಬೇಸಿಗೆ. 21ರ ಸಂಜೆ ರಾಮಲ್ಲಾದ ಸಾಂಸ್ಕೃತಿಕ ಭವನದಲ್ಲಿ ಗೋಷ್ಠಿ ನಡೆಯಿತು. ಮೊದಲು ಮೊಜಾರ್ಟನದೆಂದು ಹೇಳಲಾಗುವ ಒಂದು ಸಿಂಫೋನಿಯಾ ಕನ್ಸರ್ಟಾಂಟೆ. ಇದರಲ್ಲಿ ಓಬೋ, ಕ್ಲಾರಿಯೊನೆಟ್, ಹಾರ್ನ್, ಬಸೂನ್ ಎಂಬ ನಾಲ್ಕು ವಾದ್ಯಗಳು ಪ್ರಧಾನವಾಗಿ ನಿಂತು ಪರಸ್ಪರ ಸಂಭಾಷಿಸುತ್ತವೆ. ಉಳಿದ ವೃಂದವು ಅವಕ್ಕೆ ಒತ್ತಾಸೆಯಾಗಿರುತ್ತದೆ. ಮುಂದೆ ನಿಂತ ಆ ನಾಲ್ವರಲ್ಲಿ ಅರಬ್ಬರೂ ಇಸ್ರೇಲಿಗಳೂ ಇದ್ದರು. ಒಬ್ಬರು ಮುಗಿಸಿದ ಸ್ವರಪಂಕ್ತಿಯನ್ನು ಮತ್ತೊಬ್ಬರು ಅಲ್ಲಿಂದಲೇ ಎತ್ತಿಕೊಂಡು ಮುಂದುವರಿಸಿದರು.

ಐದನೆಯ ಸಿಂಫನಿ

ಗೋಷ್ಠಿಯ ಪ್ರಧಾನ ಕೃತಿ ಬೀಥೋವನನ ಐದನೆಯ ಸಿಂಫನಿ. 1808ನೆಯ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲು ನುಡಿಸಲ್ಪಟ್ಟ ಈ ಕೃತಿಗೆ ನಾಲ್ಕು ಅಂಗಗಳಿವೆ. ಇದನ್ನು ರಚಿಸುವ ವೇಳೆಗೆ ರಚನಕಾರನ ಕಿವಿಗಳು ಮಂದವಾಗತೊಡಗಿ ಹಲವು ವರ್ಷಗಳು ಕಳೆದಿದ್ದವು. ಮೂರು ಹ್ರಸ್ವ, ಒಂದು ದೀರ್ಘ ಎಂಬ ನಾಲ್ಕು ಸ್ವರಗಳ ಒಂದು ಬೀಜದಿಂದ ಇಡೀ ಪ್ರಥಮಾಂಗವು ಬೆಳೆಯುತ್ತದೆ. ಛಂದಸ್ಸನ್ನು ಬಲ್ಲವರು ಇದನ್ನು ಮೂರು ಲಘು, ಒಂದು ಗುರು ಎಂದು ಗುರುತಿಸಬಹುದು. ವಿಶೇಷವೆಂದರೆ ಈ ಕೃತಿಯು ನಾದದಿಂದ ಆರಂಭವಾಗದೆ ಒಂದು ಕ್ಷಣದ ಮೌನದಿಂದ ಆರಂಭವಾಗುತ್ತದೆ. ನಿರ್ದೇಶಕನ ಕೈ ತಾಳವನ್ನು ಹೊಡೆದ ಮೇಲೆಯೇ ಮೊದಲ ಸ್ವರವು ಹೊರಡುತ್ತದೆ. ನಮ್ಮ ಸಂಗೀತದ ಪರಿಭಾಷೆಯಲ್ಲಿ ಇದು ಅನಾಗತ ಗ್ರಹ. ಬರೆದಿಟ್ಟ ಆ ಮೌನವನ್ನು ಎಲ್ಲರೂ ಒಂದೇ ಅಳತೆಯಲ್ಲಿ ಹಿಡಿದರೆ ಮಾತ್ರ ಮೊದಲ ಸ್ವರವು ಒಂದಾಗಿ ಹೊಮ್ಮುವುದು. ತಾಳಲೀನಾನುವರ್ತನಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ವಿರಳ.

ಆ ಘೋಷಣೆಯ ಬೆನ್ನಿಗೆ ಬರುವ ಭಾಗವು ಇನ್ನೂ ಮನನೀಯವಾಗಿದೆ. ಕೇಳುವವನಿಗೆ ಅಲ್ಲಿ ಒಂದೇ ರಾಗಪಂಕ್ತಿಯು ಹರಿದಂತೆ ತೋರುತ್ತದೆ. ವಾಸ್ತವದಲ್ಲಿ ಅದನ್ನು ಯಾವ ವಾದ್ಯವೂ ಇಡಿಯಾಗಿ ನುಡಿಸುವುದಿಲ್ಲ. ಎರಡನೆಯ ಪಿಟೀಲುಗಳು ನಾಲ್ಕು ಸ್ವರಗಳನ್ನು ನುಡಿಸುತ್ತವೆ. ವಯೋಲಾಗಳು ಮುಂದಿನ ನಾಲ್ಕನ್ನು ಸೇರಿಸುತ್ತವೆ. ಮೊದಲನೆಯ ಪಿಟೀಲುಗಳು ಅದರ ಮುಂದಿನದನ್ನು ಎತ್ತಿಕೊಳ್ಳುತ್ತವೆ. ಒಂದು ಗುಂಪು ತಡೆದರೆ ಪಂಕ್ತಿಯೇ ಕಡಿದುಹೋಗುತ್ತದೆ. ತುಂಡುತುಂಡಾದುದು ಅಖಂಡವಾಗಿ ಕೇಳಿಸುವುದೇ ಮಿಲನದ ಫಲ.

ಇದೇ ಕೃತಿಯಲ್ಲಿ ಮೂರು ಟ್ರೊಂಬೋನುಗಳಿಗೆ ಮೊದಲ ಮೂರು ಅಂಗಗಳಲ್ಲಿ ಒಂದು ಸ್ವರವೂ ಇಲ್ಲ. ಸುಮಾರು 20 ನಿಮಿಷಗಳ ಕಾಲ ಆ ಮೂವರು ತರುಣರು ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಇತರರನ್ನು ಕೇಳುತ್ತ ಕುಳಿತಿರಬೇಕು. ಮೂರನೆಯ ಅಂಗದ ಕೊನೆಯಲ್ಲಿ ಟಿಂಪನಿಯ ಮೆಲ್ಲನೆಯ ಮಿಡಿತವು ಕೇಳಿಸಿ, ಅಲ್ಲಿಂದ ವಿರಾಮವಿಲ್ಲದೆ ನಾಲ್ಕನೆಯ ಅಂಗವು ಬೆಳಗಿನಂತೆ ತೆರೆಯುವಾಗ, ಟ್ರೊಂಬೋನುಗಳು ಮೊದಲ ಬಾರಿಗೆ ದನಿಗೂಡಿಸುತ್ತವೆ. ಕಾಯುವುದೂ ವಾದನದ ಒಂದು ಅಂಗವೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪದೇಶವೂ ಕಲಿಸಲಾರದು.

ಸಿಂಫನಿಯು ಮುಗಿದ ಮೇಲೆ ಬಾರೆನ್‌ಬಾಯ್ಮ್ ಅವರು ಸಭೆಯನ್ನು ಉದ್ದೇಶಿಸಿ ಮಾತನಾಡಿದರು. ಕೊನೆಯಲ್ಲಿ ವೃಂದವು ಇಂಗ್ಲೆಂಡಿನ ಎಲ್ಗಾರ್ 1899ರಲ್ಲಿ ರಚಿಸಿದ ಒಂದು ಕೃತಿಯಿಂದ 'ನಿಮ್‌ರಾಡ್' ಎಂಬ ಭಾಗವನ್ನು ನುಡಿಸಿತು. ತಾನು ಎದೆಗುಂದಿದ್ದಾಗ ಧೈರ್ಯ ತುಂಬಿದ ಜರ್ಮನ್ ಮೂಲದ ಮಿತ್ರನೊಬ್ಬನಿಗಾಗಿ ಎಲ್ಗಾರನು ಅದನ್ನು ಬರೆದನು. ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಆರಂಭವಾಗಿ ಕ್ರಮಕ್ರಮವಾಗಿ ತುಂಬಿಕೊಳ್ಳುವ ಆ ಸಂಗೀತವು, ಮಿತ್ರರಾದ ಸಯೀದರಿಲ್ಲದ ಆ ಸಭೆಗೆ ಎಷ್ಟು ಸಮುಚಿತವಾಗಿತ್ತೆಂಬುದನ್ನು ಸಹೃದಯರೇ ಊಹಿಸಬಲ್ಲರು.

ಸಂಗೀತದ ಮೇರೆ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಅರ್ಥವಾದವಾದೀತೇ ಹೊರತು ಸತ್ಯವಾಗದು. ಒಂದು ಸಂಜೆಯ ಸಂಗೀತದಿಂದ ಆ ನೆಲದ ಕಲಹವು ಶಮನವಾಗಲಿಲ್ಲ. ಮರುವರ್ಷವೇ, 2006ರ ಬೇಸಿಗೆಯಲ್ಲಿ, ಲೆಬನಾನಿನಲ್ಲಿ ಯುದ್ಧವಾಯಿತು. ಹಲವರು ಅರಬ್ ವಾದಕರು ಆ ವರ್ಷದ ಶಿಬಿರಕ್ಕೆ ಬರಲಿಲ್ಲ. 2023ರ ಅಕ್ಟೋಬರಿನಲ್ಲಿ ಆರಂಭವಾದ ಘೋರ ಹಿಂಸೆಯ ಪರಂಪರೆಯು ಹಿಂದಿನ ಎಲ್ಲವನ್ನೂ ಮೀರಿಸಿತು. ಸಮಾನವಲ್ಲದ ಸ್ಥಿತಿಯಲ್ಲಿರುವವರನ್ನು ವೇದಿಕೆಯ ಮೇಲೆ ಸಮಾನರೆಂದು ತೋರಿಸಿದರೆ ಅನ್ಯಾಯವು ಮರೆಯಾಗುವುದೆಂದು ಪ್ಯಾಲೆಸ್ತೀನಿನ ಪಕ್ಷದಲ್ಲಿ ಅನೇಕರು ಆಕ್ಷೇಪಿಸಿದರು. ಇಸ್ರೇಲಿನಲ್ಲಿಯೂ ಬಾರೆನ್‌ಬಾಯ್ಮ್ ಅವರನ್ನು ಸ್ವಜನದ್ರೋಹಿಯೆಂದು ಜರೆದವರುಂಟು. 2008ರಲ್ಲಿ ಅವರು ಪ್ಯಾಲೆಸ್ತೀನಿನ ಗೌರವ ಪೌರತ್ವವನ್ನು ಸ್ವೀಕರಿಸಿದಾಗ ಆ ಟೀಕೆಯು ಇನ್ನೂ ಹೆಚ್ಚಿತು. ಈ ಆಕ್ಷೇಪಗಳನ್ನು ಲಘುವಾಗಿ ತಳ್ಳಿಹಾಕಲಾಗದು.

ಸ್ಥಾಪಕರು ತಮ್ಮ ಕಾರ್ಯದ ಮೇರೆಯನ್ನು ಅರಿತಿದ್ದರು. ವೃಂದವು ಶಾಂತಿಯನ್ನು ತರುವುದೆಂದು ಬಾರೆನ್‌ಬಾಯ್ಮ್ ಅವರು ಎಂದೂ ಹೇಳಲಿಲ್ಲ. ಅಜ್ಞಾನವನ್ನು ಎದುರಿಸುವುದೇ ಅದರ ಉದ್ದೇಶವೆಂಬುದು ಅವರ ನಿಲುವು. ಸದಸ್ಯರು ರಾಜಕೀಯವಾಗಿ ಒಮ್ಮತದಿಂದ ಇರಬೇಕೆಂಬ ನಿಯಮವೂ ಅಲ್ಲಿ ಇರಲಿಲ್ಲ. ಸಂಜೆಯ ಸಂವಾದಗಳಲ್ಲಿ ಅವರು ಉಗ್ರವಾಗಿ ವಾದಿಸುತ್ತಿದ್ದರು. ಮರುದಿನ ಬೆಳಿಗ್ಗೆ ಅದೇ ಪೀಠಕ್ಕೆ ಬಂದು ಕುಳಿತುಕೊಳ್ಳುತ್ತಿದ್ದರು. 2012ರಲ್ಲಿ ಈ ವೃಂದವು ಲಂಡನ್ನಿನ ಬೇಸಿಗೆಯ ಸಂಗೀತೋತ್ಸವದಲ್ಲಿ ಬೀಥೋವನನ ಒಂಬತ್ತು ಸಿಂಫನಿಗಳನ್ನೂ ನುಡಿಸಿತು. 2016ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಕರಿಬ್ಬರ ಹೆಸರಿನ ಸಂಗೀತವಿದ್ಯಾಲಯವೂ ಪ್ರಾರಂಭವಾಯಿತು. ತಮಗೆ ಪಾರ್ಕಿನ್ಸನ್ ಕಾಯಿಲೆಯಿರುವುದನ್ನು ಬಾರೆನ್‌ಬಾಯ್ಮ್ ಅವರೇ 2025ರಲ್ಲಿ ಪ್ರಕಟಿಸಿದರು. 2023ರ ತರುವಾಯದ ಬೇಸಿಗೆಗಳಲ್ಲಿಯೂ ವೃಂದವು ಸೇರಿ ನುಡಿಸಿದೆ. ಜಗತ್ತಿನ ವಿವೇಕವು ಕುಂದಿದ ಹೊತ್ತಿನಲ್ಲಿಯೂ ಓಬೋ ಹಿಡಿದ ಸ್ವರಕ್ಕೆ ಎಲ್ಲರೂ ಶ್ರುತಿಗೂಡಿಸಿದುದು ಸಣ್ಣ ಸಂಗತಿಯೇ ಇರಬಹುದು. ಆದರೆ ಅದು ನಡೆದ ಸಂಗತಿ.

ವಿದ್ಯಾಶಾಲೆಗೆ ಪಾಠ

ಶಾರ್ಙ್ಗದೇವನ ಆರು ಗುಣಗಳಲ್ಲಿ ಐದನ್ನು ಅಭ್ಯಾಸಬಲದಿಂದ ಸಾಧಿಸಬಹುದು. ಮುಖ್ಯನನ್ನು ಅನುಸರಿಸುವುದು, ಬೆರೆಯುವುದು, ತಾಳಕ್ಕೆ ನಡೆಯುವುದು, ಮೂರು ಸ್ಥಾನಗಳನ್ನು ಮುಟ್ಟುವುದು, ದನಿಯನ್ನು ಹೋಲಿಸುವುದು ಇವೆಲ್ಲವೂ ಶಿಕ್ಷಣದಿಂದ ಬರುವಂಥವು. ನಾಲ್ಕನೆಯದಾದ ಮಿಥಸ್ತ್ರುಟಿತನಿರ್ವಾಹಕ್ಕೆ ಶಿಕ್ಷಣದ ಜೊತೆಗೆ ಹೃದಯವೂ ಬೇಕು. ಪಕ್ಕದವನು ತಪ್ಪಿದಾಗ ಎರಡು ಮಾರ್ಗಗಳುಂಟು. ಅವನ ತಪ್ಪು ಸಭೆಗೆ ಕಾಣಲೆಂದು ಸುಮ್ಮನಿರುವುದು ಒಂದು. ಕಡಿದ ಎಳೆಯನ್ನು ತಾನು ಹಿಡಿದು ಹಾಡನ್ನು ಉಳಿಸುವುದು ಇನ್ನೊಂದು. ಎರಡನೆಯದನ್ನು ಮಾಡಬೇಕಾದರೆ ಅವನ ಭಾಗವು ತನಗೂ ತಿಳಿದಿರಬೇಕು. ರಾಮಲ್ಲಾದ ವೇದಿಕೆಯ ಮೇಲೆ ಆ ತರುಣರು ಒಬ್ಬರಿಗಾಗಿ ಮತ್ತೊಬ್ಬರು ಮಾಡಿದುದು ಇದನ್ನೇ. ಅಭಿಪ್ರಾಯಗಳು ಕೂಡಿದ್ದವೋ ಇಲ್ಲವೋ, ಪುಟ ತಿರುವುವವನ ಸ್ವರವನ್ನು ಪಕ್ಕದವನು ಬೀಳಗೊಡಲಿಲ್ಲ.

ನಮ್ಮ ಪಾಠಶಾಲೆಗಳಲ್ಲಿ ಸ್ಪರ್ಧೆಗಳಿಗೆ ಕೊರತೆಯಿಲ್ಲ. ಭಾಷಣಕ್ಕೆ, ಗಾಯನಕ್ಕೆ, ಓಟಕ್ಕೆ ಪಾರಿತೋಷಕಗಳುಂಟು, ಅವು ಬೇಕಾದವುಗಳೇ. ಆದರೆ ಅವುಗಳಲ್ಲಿ ಮತ್ತೊಬ್ಬನ ಸೋಲು ತನ್ನ ಗೆಲುವಾಗುತ್ತದೆ. ವೃಂದದಲ್ಲಿ ಹಾಗಾಗದು. ಪಕ್ಕದವನ ತಪ್ಪಿನಿಂದ ತನಗೇನೂ ಲಾಭವಿಲ್ಲವೆಂಬುದನ್ನು ಮಗುವು ಅಲ್ಲಿ ಅನುಭವದಿಂದಲೇ ಅರಿಯುತ್ತದೆ. ಆದುದರಿಂದ ಸಮೂಹಗಾಯನವನ್ನೂ ವೃಂದವಾದನವನ್ನೂ ವಾರ್ಷಿಕೋತ್ಸವದ ಅಲಂಕಾರವೆಂದು ಎಣಿಸದೆ ನಿತ್ಯದ ವಿದ್ಯೆಯ ಅಂಗವೆಂದು ಎಣಿಸುವುದು ಯುಕ್ತ. ಇದಕ್ಕೆ ಬೆಲೆಬಾಳುವ ವಾದ್ಯಗಳೇ ಬೇಕೆಂದಿಲ್ಲ. ಒಂದು ಶ್ರುತಿಪೆಟ್ಟಿಗೆ, ತಾಳ್ಮೆಯುಳ್ಳ ಒಬ್ಬ ಅಧ್ಯಾಪಕ, ದಿನಕ್ಕೆ ಅರ್ಧ ಗಂಟೆಯ ಅವಕಾಶ ಇದ್ದರೆ ಆರಂಭಕ್ಕೆ ಸಾಕು. ದಾನಿಗಳೂ ಒಂದನ್ನು ಗಮನಿಸಬೇಕು. ವಾದ್ಯವನ್ನು ಕೊಳ್ಳಲು ಒಮ್ಮೆ ಕೊಟ್ಟ ಹಣಕ್ಕಿಂತ, ಕಲಿಸುವವನು ವರ್ಷವರ್ಷವೂ ನಿಲ್ಲುವಂತೆ ಕೊಟ್ಟ ಹಣವು ಹೆಚ್ಚು ಫಲವನ್ನು ಕೊಡುತ್ತದೆ. ಬೇಸಿಗೆಯ ಒಂದು ಸಂಜೆಯ ಹಿಂದೆ ಆರು ಬೇಸಿಗೆಗಳ ಅಭ್ಯಾಸವಿತ್ತೆಂಬುದನ್ನು ಮರೆಯಲಾಗದು.

ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಚಿಕ್ಕ ಬಾಲಕನೊಬ್ಬನು ಹಾಡಿನ ನಡುವೆ ಉಸಿರು ಸಾಲದೆ ತಡವರಿಸಿದಾಗ, ಪಕ್ಕದ ಬಾಲಕನು ನಗದೆ, ತಿರುಗಿ ನೋಡದೆ, ಆ ಸಾಲನ್ನು ತಾನೇ ತುಂಬಿ ಹಾಡಿದರೆ, ಶಾರ್ಙ್ಗದೇವನು ಹೇಳಿದ ನಾಲ್ಕನೆಯ ಗುಣವು ಆ ಪ್ರಾಂಗಣದಲ್ಲಿ ಬೇರೂರಿದೆಯೆಂದು ತಿಳಿಯಬಹುದು.